ಹಗೂರಕ ಅನ್ನುತ್ತಿದ್ದ ಕೋಚ್

ಅಕ್ಟೋಬರಿನ ಒಂದು ಬೆಳಿಗ್ಗೆ ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗದಲ್ಲಿ, ಮೊಣಕಾಲಿನ ಆಪರೇಷನ್ ಆದ ಮುದುಕಿಯೊಬ್ಬರಿಗೆ ಮೆಟ್ಟಿಲು ಹತ್ತುವುದನ್ನು ಕಲಿಸುತ್ತಿದ್ದೆ. ಆಗ ಕೋಚ್ ಅವರ ಹೆಂಡತಿ ವೈನಿಯ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಅವರು ಎಂದೂ ಫೋನ್ ಮಾಡಿದವರಲ್ಲ. "ಹೋದ್ರವಾ ನಿಮ್ಮ ಸರ್," ಅಂದರು. ನಾನು ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಖಾಲಿ ಕೋಣೆಗೆ ಹೋಗಿ ಗೋಡೆಗೆ ಒರಗಿಕೊಂಡು ಸ್ವಲ್ಪ ಹೊತ್ತು ನಿಂತೆ.

ಅವರನ್ನು ನಾನು ಸರ್ ಎಂದು ಕರೆಯುತ್ತಿದ್ದೆ. ಮೈದಾನದ ಹುಡುಗರಿಗೆ ಅವರು ಕೋಚ್. ಇಂಗ್ಲೆಂಡಿನ ಈ ಶೆಫೀಲ್ಡ್ ಊರಿನ ನಮ್ಮ ಕನ್ನಡದವರಲ್ಲಿ ಕೆಲವರು ಬೆನ್ನ ಹಿಂದೆ 'ರಗ್ಬಿ ಮೇಷ್ಟ್ರು' ಅನ್ನುತ್ತಿದ್ದರು. ಅದು ರಗ್ಬಿಯಲ್ಲ, ಅಮೆರಿಕನ್ ಫುಟ್‌ಬಾಲ್ ಎಂದು ತಿದ್ದುವ ಗೋಜಿಗೆ ಅವರು ಹೋಗಲಿಲ್ಲ. ಗದಗಿನವರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಉಕ್ಕಿನ ಬಗ್ಗೆ ಪಾಠ ಹೇಳುವ ಮೇಷ್ಟ್ರು. ಓದಿದ್ದು ಅಮೆರಿಕದ ನಡುಭಾಗದ ಒಂದು ಊರಿನಲ್ಲಿ. ಅಲ್ಲಿ ಶನಿವಾರ ಬಂತೆಂದರೆ ಇಡೀ ಊರು ಕಾಲೇಜು ಹುಡುಗರ ಆಟ ನೋಡಲು ಕ್ರೀಡಾಂಗಣಕ್ಕೆ ಹೋಗುತ್ತಿತ್ತಂತೆ. ಇವರು ಮೊದಲು ಹೋದದ್ದು ಚಳಿಗೆ ಹೆದರಿ, ಜನರ ನಡುವೆ ಕೂತರೆ ಬೆಚ್ಚಗಿರಬಹುದು ಎಂದು. ಮುಂದಿನ ವರ್ಷದ ಹೊತ್ತಿಗೆ ಆ ತಂಡದ ಆಟದ ವೀಡಿಯೊಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಸೇರಿಕೊಂಡಿದ್ದರು. ಆಟ ಕಲಿತದ್ದು ಆ ಕತ್ತಲೆ ಕೋಣೆಯಲ್ಲಿ. ತಾವು ಒಮ್ಮೆಯೂ ಆಡಿದವರಲ್ಲ.

ನನಗೆ ಅವರ ಪರಿಚಯವಾದದ್ದು ಚರ್ಚಿನ ಹಾಲೊಂದರಲ್ಲಿ ನಮ್ಮವರು ಸೇರಿ ಮಾಡಿದ ಯುಗಾದಿ ಊಟದಲ್ಲಿ. ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಆಸ್ಪತ್ರೆಗೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ಫಿಸಿಯೊ ಎಂದು ಯಾರೋ ಹೇಳಿದ್ದೇ ತಡ, ಎಲೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡು ನನ್ನ ಹತ್ತಿರ ಬಂದರು.

"ರವಿವಾರ ಏನ್ ಮಾಡ್ತೀರಿ ನೀವು?"

"ಬಟ್ಟೆ ತೊಳೀತೇನೆ ಸರ್," ಅಂದೆ.

"ಅದನ್ನ ಶನಿವಾರ ತೊಳೀರಿ. ರವಿವಾರ ನಮ್ಮ ಹುಡುಗರು ಬೀಳ್ತಾರ. ಎತ್ತಾಕ ಒಬ್ರು ಬೇಕು."

ಹಾಗೆ ನಾನು ವಿಶ್ವವಿದ್ಯಾಲಯದ ತಂಡದ ಜೊತೆ ಸೇರಿಕೊಂಡೆ. ಅವರಿಗೂ ಸಂಬಳವಿರಲಿಲ್ಲ, ನನಗೂ ಇರಲಿಲ್ಲ. ಕೆಲವು ವಾರಗಳಲ್ಲೇ 'ನೀವು' ಹೋಗಿ 'ತಂಗಿ' ಆಯಿತು. "ನನಗ ತಂಗಿ ಅಂದಮ್ಯಾಲ ಆಕಿ ನಿನಗ ವೈನಿ," ಎಂದು ಹೆಂಡತಿಯನ್ನು ತೋರಿಸಿದ್ದರು. ಅವರಿಗೆ ಮಕ್ಕಳಿರಲಿಲ್ಲ. ವೈನಿ ಒಮ್ಮೆಯೂ ಮೈದಾನಕ್ಕೆ ಬಂದವರಲ್ಲ. "ಹುಡುಗರು ಒಬ್ಬರ ಮ್ಯಾಲ ಒಬ್ಬರು ಬೀಳೋದು ನನಗ ನೋಡಾಕ ಆಗಂಗಿಲ್ಲ," ಅನ್ನುತ್ತಿದ್ದರು. ಹುಡುಗರಿಗೆಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾತ್ರ ತಪ್ಪದೆ ಬರುತ್ತಿತ್ತು.

ಆಟ ನನಗೆ ಒಂದಿಷ್ಟೂ ಅರ್ಥವಾಗುತ್ತಿರಲಿಲ್ಲ. ಹೆಲ್ಮೆಟ್ಟು, ಭುಜಕ್ಕೆ ದಪ್ಪ ಪ್ಯಾಡು. ಹೆಸರು ಫುಟ್‌ಬಾಲ್, ಚೆಂಡು ಇರುವುದು ಕೈಯಲ್ಲಿ. ಒಂದು ಕ್ಷಣ ಗುದ್ದಾಟ, ಆಮೇಲೆ ಎಲ್ಲರೂ ಗುಂಪಾಗಿ ನಿಂತು ಮಾತು. ಮೈದಾನದ ಅಂಚಿನಲ್ಲಿ ನಿಂತು ಸರ್ ಕನ್ನಡದಲ್ಲಿ ಪಾಠ ಹೇಳಿದರು.

"ನಾಕು ಸಲ ಅವಕಾಶ, ತಂಗಿ. ನಾಕರಾಗ ಹತ್ತು ಗಜ ಮುಂದ ಹೋದ್ರ ಮತ್ತ ನಾಕು. ಹೋಗಲಿಲ್ಲಂದ್ರ ಚೆಂಡು ಅವರಿಗೆ. ಇಷ್ಟ ಆಟ."

"ಮತ್ತೆ ನಮ್ಮವರು ಯಾಕೆ ಇಷ್ಟು ನಿಧಾನ? ಎರಡು ಗಜ, ಮೂರು ಗಜ ಅಂತ ತೆವಳ್ತಾ ಇದ್ದಾರಲ್ಲ?"

"ಗಡಿಯಾರ ನಡೀತಿರ್ತೈತಿ ನೋಡು. ಚೆಂಡು ನಮ್ಮ ಕೈಯಾಗ ಇರೂತನಕ ಅವರ ಚೆಂಡು ಒಯ್ಯೋ ಹುಲಿಗೋಳು ಎಲ್ಲಾ ಬೆಂಚಿನ ಮ್ಯಾಲ ಕುಂತಿರ್ತಾವ. ಕುಂತ ಹುಲಿ ಕಡೀತೈತೇನು?"

ಅವರ ಆಟವೆಂದರೆ ಅದು. ದೂರಕ್ಕೆ ಎಸೆಯುವುದು ಬೇಡ. ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿದು ನುಗ್ಗು, ಬೀಳು, ಏಳು, ಎಲ್ಲರೂ ಸೇರಿ ಉಸಿರು ಬಿಡಿ, ಮತ್ತೆ ನುಗ್ಗು. ಯಾರಾದರೂ ಅವಸರ ಮಾಡಿದರೆ ಎರಡೂ ಅಂಗೈಗಳನ್ನು ನೆಲದ ಕಡೆ ಒತ್ತಿ, "ಹಗೂರಕ, ಹಗೂರಕ!" ಎಂದು ಕೂಗುತ್ತಿದ್ದರು. ಆ ಪದ ಯಾರ್ಕ್‌ಶೈರಿನ ಹುಡುಗರ ಬಾಯಲ್ಲಿ 'ಹಗೂರ್' ಆಗಿತ್ತು. ಬಾರ್ನ್ಸ್‌ಲಿಯ ಒಬ್ಬ ದಾಂಡಿಗ ಎದುರಾಳಿಯನ್ನು ಕೆಡವಿ ಎದ್ದು ನಿಂತು 'ಹಗೂರ್!' ಎಂದು ಅರಚಿದಾಗ ನನಗೆ ನಗು ತಡೆಯಲಾಗಲಿಲ್ಲ. ಅದನ್ನು ಅವನು ಯುದ್ಧದ ಕೂಗು ಎಂದುಕೊಂಡಿದ್ದ.

ನಮ್ಮಿಬ್ಬರ ಕನ್ನಡ ಮೈದಾನದಲ್ಲಿ ಗುಟ್ಟಿನ ಭಾಷೆಯೂ ಆಗಿತ್ತು. ನೋವನ್ನು ಮುಚ್ಚಿಡುವ ಹುಡುಗರನ್ನು ಅವರು ದೂರದಿಂದಲೇ ಗುರುತಿಸುತ್ತಿದ್ದರು. "ತಂಗಿ, ಆ ಕೆಂಪು ಗಡ್ಡದವ ಎಡಗಾಲು ಊರವಲ್ಲ. ಕೇಳಿದ್ರ ಸುಳ್ಳು ಹೇಳ್ತಾನ. ಕೇಳಬ್ಯಾಡ, ಮುಟ್ಟಿ ನೋಡು." ಮುಟ್ಟಿದರೆ ಪಾದ ಊದಿಕೊಂಡಿರುತ್ತಿತ್ತು.

ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇಂಥ ತಂಡಗಳನ್ನು ನಡೆಸುವುದು ವಿದ್ಯಾರ್ಥಿಗಳ ಸಮಿತಿ. ಕೋಚ್ ಯಾರು ಎಂದು ತೀರ್ಮಾನಿಸುವುದೂ ಅವರೇ. ನಾನು ಸೇರಿದ ಮೂರನೆಯ ವರ್ಷ ಕ್ಯಾಲಮ್ ಎಂಬ ಹುಡುಗ ಕ್ಯಾಪ್ಟನ್ ಆದ. ಮ್ಯಾಂಚೆಸ್ಟರಿನವನು, ಚೆಂಡು ಎಸೆಯುವ ಜಾಗದ ಆಟಗಾರ. ಅವನ ತೋಳು ನಿಜಕ್ಕೂ ದೇವರು ಕೊಟ್ಟದ್ದು. ಮೈದಾನದ ಆಚೆ ತುದಿಯಲ್ಲಿ ಓಡುತ್ತಿರುವವನ ಕೈಗೆ ಚೆಂಡು ಹೋಗಿ ಬೀಳುತ್ತಿತ್ತು. ಅಂಥವನಿಗೆ ಸರ್ ಹೇಳುತ್ತಿದ್ದುದು, ಚೆಂಡನ್ನು ಪಕ್ಕದವನ ಕೈಗೆ ಕೊಟ್ಟು ಸುಮ್ಮನಿರು ಎಂದು.

ಒಂದು ದಿನ ಸಮಿತಿಯ ಹುಡುಗರು ಸರ್ ಅವರನ್ನು ಕ್ಯಾಂಟೀನಿಗೆ ಕರೆದರು. ನಾನೂ ಹೋಗಿದ್ದೆ.

"ಕೋಚ್, ನಿಮ್ಮ ಮೇಲೆ ನಮಗೆಲ್ಲ ಗೌರವ ಇದೆ," ಅಂದ ಕ್ಯಾಲಮ್. "ಆದ್ರೆ ನಮ್ಮ ಆಟಕ್ಕೆ ನಮಗೇ ನಿದ್ದೆ ಬರುತ್ತೆ. ಹೊಸಬರು ಒಂದು ವಾರ ಬಂದು ಬಿಟ್ಟು ಹೋಗ್ತಾರೆ. ಈಗ ಎಲ್ಲರೂ ಆಡೋದು ಫಾಸ್ಟ್ ಆಟ. ಗುಂಪು ಸೇರೋದು ಬೇಡ. ಬಿದ್ದವನು ಎದ್ದ ತಕ್ಷಣ ಮುಂದಿನ ಆಟ ಶುರು. ಎದುರಿನವರಿಗೆ ಉಸಿರಾಡೋಕೆ ಬಿಡಬಾರದು, ಆಳು ಬದಲಾಯಿಸೋಕೆ ಬಿಡಬಾರದು."

"ಸರಿ. ನೀನು ನಾಲ್ಕು ಸಲ ಎಸೆದೆ, ನಾಲ್ಕೂ ತಪ್ಪಿತು ಅಂತಿಟ್ಟುಕೋ," ಅಂದರು ಸರ್. "ಒಂದು ನಿಮಿಷದೊಳಗೆ ಚೆಂಡು ಅವರದಾಯ್ತು. ನಮ್ಮ ರಕ್ಷಣೆಯವರು ನೀರು ಕುಡಿಯೋ ಮೊದಲೇ ಮತ್ತೆ ಒಳಗೆ ಹೋಗ್ಬೇಕು. ದೊಡ್ಡ ತಂಡಗಳಲ್ಲಿ ದಾಳಿಗೆ ಬೇರೆ ಹುಡುಗರು, ರಕ್ಷಣೆಗೆ ಬೇರೆ ಹುಡುಗರು. ನಮ್ಮಲ್ಲಿ?"

"ನಮ್ಮಲ್ಲಿ ಅರ್ಧ ಜನ ಎರಡೂ ಕಡೆ ಆಡ್ತಾರೆ, ಗೊತ್ತು. ಫಿಟ್ ಆಗ್ತೀವಿ ಕೋಚ್."

ಕೈ ಎತ್ತಿಸಿದರು. ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆ ಹೋದವು. ಸರ್ ಟೀ ಮುಗಿಸಿ, "ಹಾಗಾದರೆ ಮಂಗಳವಾರದಿಂದ ಶುರು ಮಾಡೋಣ," ಅಂದರು. ಅವರು ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದ ಹುಡುಗರು ಮುಖ ಮುಖ ನೋಡಿಕೊಂಡರು.

ಆ ಮಂಗಳವಾರ ನನಗೆ ಆಶ್ಚರ್ಯ ಕಾದಿತ್ತು. ಸರ್‌ಗೆ ವೇಗದ ಆಟ ಬಾಯಿಪಾಠವಾಗಿತ್ತು. ಮಾತಿಲ್ಲದೆ ಕೈಸನ್ನೆಯಲ್ಲೇ ಮುಂದಿನ ಆಟ ತಿಳಿಸುವುದು ಹೇಗೆ, ಎದುರಿನವರು ಸಾಲಾಗಿ ನಿಲ್ಲುವ ಮೊದಲೇ ಅವರ ಬಿರುಕು ಎಲ್ಲಿದೆ ಎಂದು ನೋಡುವುದು ಹೇಗೆ, ಒಂದೇ ಭಂಗಿಯಲ್ಲಿ ನಿಂತು ಓಡುವ ಆಟವನ್ನೂ ಎಸೆಯುವ ಆಟವನ್ನೂ ಆಡುವುದು ಹೇಗೆ, ಎಲ್ಲ ಗೊತ್ತಿತ್ತು. ಕ್ಯಾಲಮ್ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ನನ್ನನ್ನು ಮನೆಗೆ ಬಿಡಲು ಹೊರಟ ಅವರ ಕಾರು ಗುಡ್ಡದ ರಸ್ತೆಯ ಸಿಗ್ನಲ್ಲಿಗೆ ನಿಂತಾಗ ಕೇಳಿಯೇಬಿಟ್ಟೆ. "ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಸರ್ ಆಡಿಸ್ತಿರಲಿಲ್ಲ?"

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಹೊರಟರು.

"ಆಡಿಸೀನಿ, ತಂಗಿ. ಇಲ್ಲಿಗೆ ಬರೂಕಿಂತ ಮದ್ಲ ಬರ್ಮಿಂಗ್‌ಹ್ಯಾಮಿನ್ಯಾಗ ಇದ್ನಲ್ಲ, ಅಲ್ಲಿ ಇದ ಆಟ. ಬೆಂಕಿ ಅಂದ್ರ ಬೆಂಕಿ. ಯಾರೂ ನಮ್ಮನ್ನ ಹಿಡೀಲಿಕ್ಕೆ ಆಗ್ತಿರಲಿಲ್ಲ. ಗ್ಯಾರೆತ್ ಅಂತ ಒಬ್ಬ ಹುಡುಗ ಇದ್ದ. ಎರಡೂ ಕಡೆ ಅವನ. ಕೊನೀ ಹೊತ್ತಿಗೆ ದಣಿದು ಕುತಗಿ ನಿಲ್ಲವಲ್ದಾಗಿತ್ತು. ತಲಿ ಎತ್ತಿ ಡಿಕ್ಕಿ ಹೊಡೀಬೇಕಂತ ಸಣ್ಣ ಹುಡುಗರಿಗೂ ಕಲಸ್ತೀವಿ. ದಣಿದಾವ ತಲಿ ಬಗ್ಗಿಸ್ತಾನ. ಬಗ್ಗಿಸಿದ."

ನಾನು ಮುಂದೆ ಕೇಳುವ ಅಗತ್ಯವಿರಲಿಲ್ಲ. ಕುತ್ತಿಗೆ ಮುರಿದವರನ್ನು ಆಸ್ಪತ್ರೆಯಲ್ಲಿ ಕಂಡವಳು ನಾನು.

"ಯಾರೂ ನಂದು ತಪ್ಪು ಅನ್ನಲಿಲ್ಲ. ಅವರ ಅವ್ವ ಸೈತ ಅನ್ನಲಿಲ್ಲ," ಅಂದರು. "ಅಂದಿದ್ರ ಚಲೋ ಇತ್ತು."

ಗ್ಯಾರೆತ್ ಈಗಲೂ ಬರ್ಮಿಂಗ್‌ಹ್ಯಾಮಿನಲ್ಲೇ ಗಾಲಿಕುರ್ಚಿಯಲ್ಲಿ ಇದ್ದಾನೆ, ತಾನು ಆಗಾಗ ಶನಿವಾರ ಹೋಗಿ ಬರುತ್ತೇನೆ ಎಂದರು. ಅದು ವೈನಿಗೂ ಗೊತ್ತಿತ್ತು. ಅಲ್ಲಿ ಇಬ್ಬರೂ ಏನು ಮಾತಾಡುತ್ತಾರೆ ಎಂದು ಮಾತ್ರ ಅವರೂ ಎಂದೂ ಕೇಳಿರಲಿಲ್ಲ.

ಇಳಿಯುವಾಗ ಸರ್ ನನ್ನಿಂದ ಒಂದು ಮಾತು ತೆಗೆದುಕೊಂಡರು. "ಆಟದಾಗ ನನ್ನ ಕಣ್ಣು ಚೆಂಡಿನ ಮ್ಯಾಲ ಹೋಗಿಬಿಡ್ತೈತಿ. ನೀ ಕುತಗಿ ನೋಡು. ಯಾರದರ ಜೋಲಿ ಹೊಡ್ಯಾಕತ್ತು ಅಂದ್ರ ಕೈ ಎತ್ತು. ಆಟ ಏನರ ಆಗ್ಲಿ, ನಾ ಅವನನ್ನ ಹೊರಗ ತರ್ತೀನಿ."

ಆ ವರ್ಷ ನಾವು ಗೆದ್ದೆವು. ಒಂದಾದ ಮೇಲೆ ಒಂದು. ಅಲ್ಲಿಯವರೆಗೆ ಅಂಚಿನಲ್ಲಿ ಒಬ್ಬಿಬ್ಬರು ಗೆಳತಿಯರು ಮಾತ್ರ ಕೊಡೆ ಹಿಡಿದು ನಿಂತಿರುತ್ತಿದ್ದರು. ಈಗ ಹಾಸ್ಟೆಲಿನ ಹುಡುಗರೆಲ್ಲ ಡೋಲು ಹಿಡಿದು ಬರತೊಡಗಿದರು. ಕ್ಯಾಲಮ್ ಎಸೆದ ಚೆಂಡು ಗಾಳಿಯಲ್ಲಿದ್ದಾಗ ಎಲ್ಲರೂ ಒಟ್ಟಿಗೆ ಉಸಿರು ಹಿಡಿಯುವುದು ನನಗೂ ಹಿಡಿಸಿತ್ತು. ಸರ್ ಮಾತ್ರ ಕೈಕಟ್ಟಿ ನಿಂತಿರುತ್ತಿದ್ದರು. ಗೆದ್ದರೂ ಮುಖ ಹಾಗೇ. ನಾನು ಕೈ ಎತ್ತಿದಾಗಲೆಲ್ಲ ಟೈಮ್‌ಔಟ್ ಕೇಳಿ ಆಟ ನಿಲ್ಲಿಸಿ ಹುಡುಗನನ್ನು ಹೊರಗೆ ಕರೆಸುತ್ತಿದ್ದರು. ಕ್ಯಾಲಮ್ ಗೊಣಗುತ್ತಿದ್ದ. ಗೆಲ್ಲುತ್ತಿದ್ದುದರಿಂದ ಗೊಣಗಾಟ ಅಲ್ಲಿಗೇ ನಿಲ್ಲುತ್ತಿತ್ತು.

ಕೊನೆಯ ಪಂದ್ಯ ಮ್ಯಾಂಚೆಸ್ಟರಿನಲ್ಲಿ. ಗೆದ್ದರೆ ಮೇಲಿನ ದರ್ಜೆಗೆ. ಎದುರಿನವರು ನಮ್ಮ ಎರಡು ಪಟ್ಟು ಮಂದಿ. ಅವರ ಬೆಂಚಿನಲ್ಲಿ ಕೂತವರೇ ನಮ್ಮ ಇಡೀ ತಂಡದಷ್ಟಿದ್ದರು. ಬರ್ರೆನ್ನುವ ಗಾಳಿ, ಅಡ್ಡಮಳೆ. ಕೊನೆಯ ನಿಮಿಷಗಳಲ್ಲಿ ನಾವು ನಾಲ್ಕು ಪಾಯಿಂಟು ಹಿಂದೆ, ಆದರೆ ಚೆಂಡು ನಮ್ಮದು. ಕ್ಯಾಲಮ್ ಒಂದರ ಹಿಂದೆ ಒಂದು ಆಡಿಸುತ್ತ ಗೋಲಿನ ಗೆರೆಯ ಹತ್ತಿರಕ್ಕೆ ಬಂದಿದ್ದ. ಎದುರಿನವರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು. ಈ ಆಟದ ಗುರಿಯೇ ಅದು. ಟೈಮ್‌ಔಟುಗಳೆಲ್ಲ ಮುಗಿದಿದ್ದವು; ಇನ್ನು ನಾವು ಆಟ ನಿಲ್ಲಿಸುವಂತಿರಲಿಲ್ಲ.

ಆಗ ಇದ್ರಿಸ್ ಬಿದ್ದ. ಹಡರ್ಸ್‌ಫೀಲ್ಡಿನ ಹುಡುಗ, ನನ್ನನ್ನು ಆಂಟಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಎರಡೂ ಕಡೆ ಆಡುವವನು. ಎದ್ದವನು ನಮ್ಮ ಸಾಲಿಗೆ ಹೋಗದೆ ಎದುರಿನವರ ಸಾಲಿನಲ್ಲಿ ಹೋಗಿ ನಿಂತ. ಯಾರೋ ತಿರುಗಿಸಿ ಕಳಿಸಿದರು. ತನ್ನ ಜಾಗಕ್ಕೆ ಬಂದು ಬಾಗಿದ. ತಲೆ ಜೋತು ಬಿತ್ತು. ನಾನು ಕೈ ಎತ್ತಿದೆ.

ಸರ್ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಟ ನಡೆಯುತ್ತಿರುವಾಗ ಕೋಚ್ ಗೆರೆ ದಾಟಬಾರದು. ಇವರು ಮೈದಾನದ ನಡುವಿಗೇ ಓಡಿ, ಇದ್ರಿಸನ ಹೆಲ್ಮೆಟ್ಟಿನ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಅವನ ಕತ್ತಿನ ಹಿಂದೆ ಕೊಟ್ಟು ನಿಂತುಬಿಟ್ಟರು. ತಪ್ಪಾಯಿತೆಂದು ರೆಫರಿ ಎಸೆದ ಹಳದಿ ಬಟ್ಟೆ ಗಾಳಿಗೆ ಹಾರಿ ಅವರ ಬೂಟಿನ ಮೇಲೆ ಬಿತ್ತು. ನಾನು ಓಡಿಹೋಗಿ ಇದ್ರಿಸನಿಗೆ ಬೆರಳು ತೋರಿಸಿದೆ, ಯಾವ ಊರಿನಲ್ಲಿದ್ದೀಯ ಎಂದು ಕೇಳಿದೆ. "ಮನೇಲಿ, ಆಂಟಿ," ಅಂದ.

ಶಿಕ್ಷೆಯೆಂದು ನಮ್ಮನ್ನು ಹದಿನೈದು ಗಜ ಹಿಂದಕ್ಕೆ ಹಾಕಿದರು. ಆಟ ನಿಂತ ಹೊತ್ತಿನಲ್ಲಿ ಎದುರಿನವರು ಸುಸ್ತಾದವರನ್ನೆಲ್ಲ ಬದಲಿಸಿಕೊಂಡರು. ಕ್ಯಾಲಮ್‌ನ ಕೊನೆಯ ಎಸೆತ ಅವರ ಕೈಗೆ ಸಿಕ್ಕಿತು.

ಅವನು ಹೆಲ್ಮೆಟ್ಟು ನೆಲಕ್ಕೆ ಬಡಿದು ನೇರ ಸರ್ ಹತ್ತಿರ ಬಂದ. ಅಳುತ್ತಿದ್ದ. "ನೀವು ಮೊದಲಿಂದ ಇದನ್ನೇ ಕಾಯ್ತಿದ್ರಿ! ನಮ್ಮ ಆಟ ಸೋಲ್ಬೇಕು ಅಂತ!"

"ಕ್ಯಾಲಮ್, ಇದ್ರಿಸ್‌ಗೆ ತಾನೆಲ್ಲಿದ್ದೀನಿ ಅನ್ನೋದೇ ಗೊತ್ತಿಲ್ಲ," ಅಂದೆ ನಾನು.

"ರೆಫರಿ ನೋಡಿದ್ದ. ಅವನೇ ನಿಲ್ಲಿಸ್ತಿದ್ದ. ಇವರು ಒಳಗೆ ಬರಬೇಕಾಗಿರಲಿಲ್ಲ."

ರೆಫರಿ ನಿಲ್ಲಿಸುತ್ತಿದ್ದನೇನೋ. ಇವತ್ತಿಗೂ ನನಗೆ ತಿಳಿಯದು. ಸರ್ ತಮ್ಮ ಕೋಟು ಬಿಚ್ಚಿ ಇದ್ರಿಸನಿಗೆ ಹೊದಿಸಿ ನಿಂತಿದ್ದರು.

ಬೇಸಿಗೆಗೆ ಮುಂಚೆ ಸಮಿತಿಯವರು ಅವರನ್ನು ಮತ್ತೆ ಕ್ಯಾಂಟೀನಿಗೆ ಕರೆದು, ಮುಂದಿನ ವರ್ಷಕ್ಕೆ ಲೀಡ್ಸಿನಿಂದ ಹೊಸ ಕೋಚ್ ಬರುತ್ತಾರೆ ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರಂತೆ. ಇವರು ಹೆಲ್ಮೆಟ್ಟು, ಪ್ಯಾಡು ಇಡುವ ಶೆಡ್ಡಿನ ಬೀಗದ ಕೈ ಮೇಜಿನ ಮೇಲಿಟ್ಟು, ಚಳಿಗಾಲದಲ್ಲಿ ಆ ಬೀಗ ಹಿಡಿಯುತ್ತೆ, ಸ್ವಲ್ಪ ಎಣ್ಣೆ ಬಿಡಬೇಕು ಎಂದು ಹೇಳಿ ಬಂದರಂತೆ. "ನಾನೂ ಬಿಡ್ತೇನೆ ಸರ್," ಅಂದೆ. ಬೈದರು. "ಹುಡುಗರು ಬೀಳೋದು ನಿಲ್ಲಸ್ತಾರೇನು? ನೀ ಹೋಗು."

ನಾನು ಹೋದೆ. ಅವರು ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ. ರವಿವಾರಗಳಲ್ಲಿ ವೈನಿಯ ಹಿಂದೆ ಟ್ರಾಲಿ ತಳ್ಳಿಕೊಂಡು ಅಂಗಡಿಯಲ್ಲಿ ಸಿಗುತ್ತಿದ್ದರು. ಯಾರಾದರೂ 'ಆಟ ಹೇಗಿದೆ ಸರ್' ಎಂದರೆ, "ಬಿಟ್ಟೀನ್ರಿ, ವಯಸ್ಸಾತು," ಅನ್ನುತ್ತಿದ್ದರು. ಕೆಲಸದಿಂದಲೂ ನಿವೃತ್ತರಾದರು. ಶನಿವಾರದ ಬರ್ಮಿಂಗ್‌ಹ್ಯಾಮ್ ಮಾತ್ರ ಉಳಿದಿತ್ತು.

ಈ ವರ್ಷದ ಬೇಸಿಗೆಯಲ್ಲಿ ಬೆನ್ನುನೋವು ಎಂದು ನನಗೆ ತೋರಿಸಿದರು. ಮುಟ್ಟಿ ನೋಡಿದೆ. ಅದು ಸ್ನಾಯುವಿನ ನೋವಲ್ಲ ಅನ್ನಿಸಿತು. ಜಿಪಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಕೊನೆಯ ಸಲ ನೋಡಲು ಹೋದಾಗ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು.

"ಎಷ್ಟು ಮಂದಿ ಅದಾರ ಈಗ ತಂಡದಾಗ?"

"ತುಂಬ ಜನ ಸೇರಿದ್ದಾರೆ ಸರ್. ಎರಡೂ ಕಡೆ ಆಡುವವರು ಈಗ ಒಬ್ಬರೂ ಇಲ್ಲ."

"ಹಂಗಾರ ಓಡಸ್ಲಿ," ಅಂದರು. ಸ್ವಲ್ಪ ಹೊತ್ತಿನ ಮೇಲೆ, ನಿದ್ದೆ ಬಂತು ಎಂದು ನಾನು ಎದ್ದಾಗ, "ಇದ್ರಿಸ್ ತಲಿನೋವು ಅಂತ ಅಂತಾನೇನು?" ಎಂದು ಕೇಳಿದರು. ಇಲ್ಲ ಸರ್, ಬ್ರಾಡ್‌ಫರ್ಡಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಚೆನ್ನಾಗಿದ್ದಾನೆ ಎಂದೆ. ಹೂಂ ಅಂದು ನಿದ್ದೆಗೆ ಜಾರಿದರು.

ಚಿತಾಗಾರಕ್ಕೆ ನಮ್ಮವರು ಬಂದಿದ್ದರು, ವಿಶ್ವವಿದ್ಯಾಲಯದವರು ಬಂದಿದ್ದರು, ಬಿಗಿಯಾದ ಸೂಟುಗಳಲ್ಲಿ ಹಳೆಯ ಹುಡುಗರೂ ಬಂದಿದ್ದರು. ಸಾಲ್ಫರ್ಡಿನಲ್ಲಿ ಈಗ ಟಿವಿಯವರ ಕೆಲಸದಲ್ಲಿರುವ ಕ್ಯಾಲಮ್ ವೈನಿಯ ಮುಂದೆ ಬಂದು ತಲೆ ತಗ್ಗಿಸಿ, ತಾನು ಹೆಗಲು ಕೊಡಬಹುದೇ ಎಂದು ಕೇಳಿದ. ವೈನಿ ಅವನ ತೋಳು ಮುಟ್ಟಿ ಹೂಂ ಅಂದರು. ಒಂದು ಕಡೆ ಅವನು, ಇನ್ನೊಂದು ಕಡೆ ಇದ್ರಿಸ್. ಒಬ್ಬರನ್ನೊಬ್ಬರು ನೋಡಲಿಲ್ಲ.

ಎಲ್ಲ ಮುಗಿದು ಹೊರಗೆ ಬಂದಾಗ ದಾರಿಯ ಪಕ್ಕ ಗಾಲಿಕುರ್ಚಿಯಲ್ಲಿ ಒಬ್ಬ ಕೂತಿದ್ದ. ನಡುವಯಸ್ಸು ಸಮೀಪಿಸಿದ ಮುಖ, ತೊಡೆಯ ಮೇಲೆ ಕಂಬಳಿ. ಜೊತೆಗೆ ನೋಡಿಕೊಳ್ಳುವ ಹೆಂಗಸು. ಹೇಳದೆಯೇ ಗೊತ್ತಾಯಿತು. ನಾನು ವೈನಿಯನ್ನು ಅವನ ಹತ್ತಿರ ಕರೆದೊಯ್ದೆ. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಅದೇ ಮೊದಲು.

"ಶನಿವಾರಗಳು ಹೇಗೆ ಕಳೀತವೋ ಗೊತ್ತಿಲ್ಲ ಇನ್ನು," ಅಂದ ಗ್ಯಾರೆತ್. "ಇಬ್ಬರೂ ಸೇರಿ ಅಮೆರಿಕದ ಕಾಲೇಜು ಮ್ಯಾಚು ನೋಡ್ತಿದ್ವಿ. ಫಾಸ್ಟ್ ಆಡೋ ತಂಡಗಳದ್ದೇ ಬೇಕು ಅವರಿಗೆ. ನಿಧಾನದ ಆಟ ಬಂದ್ರೆ ಚಾನೆಲ್ ಬದಲಾಯಿಸ್ತಿದ್ರು. ಸೋಫಾ ಮೇಲೆ ಕೂರ್ತಾನೇ ಇರಲಿಲ್ಲ. ಟಿವಿ ಮುಂದೆ ನಿಂತು, ಓಡು ಓಡು ಅಂತ ಕೂಗೋದು, ಕುಣಿಯೋದು! ಕೆಳಗಿನ ಮನೆಯವರು ಬಂದು ಬಾಗಿಲು ಬಡಿದಿದ್ದಾರೆ." ಅವನು ನಗುತ್ತಿದ್ದ, ಕಣ್ಣೀರು ಇಳಿಯುತ್ತಿತ್ತು, ಜೊತೆಯ ಹೆಂಗಸು ಒರೆಸಿದಳು.

ನಮ್ಮ ಹಿಂದೆ ನಿಂತಿದ್ದ ಕ್ಯಾಲಮ್ ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡ.

ವೈನಿಗೆ ಇಂಗ್ಲಿಷ್ ಬಾರದೆ ಏನಿಲ್ಲ. ಆದರೂ ನನ್ನ ಕಡೆ ತಿರುಗಿ, "ಏನಂದ? ಅವರು ಕುಣೀತಿದ್ರು ಅಂದನೇನು?" ಎಂದು ಕೇಳಿದರು. ನಾನು ಎಲ್ಲವನ್ನೂ ಮತ್ತೆ ಕನ್ನಡದಲ್ಲಿ ಹೇಳಿದೆ.

"ಮನ್ಯಾಗ ಒಂದ್ ಸಲಾನೂ ದನಿ ಎತ್ತಿದಾವರಲ್ಲ ನೋಡವಾ," ಅಂದರು. ಗ್ಯಾರೆತ್‌ನ ಕಂಬಳಿ ಒಂದು ಕಡೆ ಜಾರಿತ್ತು. ಬಗ್ಗಿ ಅದನ್ನು ಅವನ ಮೊಣಕಾಲಿನ ಕೆಳಗೆ ಸಿಕ್ಕಿಸಿದರು. "ಈ ಶನಿವಾರ ನಾ ಬರಲೇನು ಅಂತ ಕೇಳವಾ ಅವಗ. ಆಟ ನನಗ ತಿಳಿಯಂಗಿಲ್ಲ, ಆದ್ರ ಅವರು ಎಲ್ಲಿ ನಿಂತು ಕುಣೀತಿದ್ರು, ನೋಡಬೇಕು."